ಕುಸುಬಲಕ್ಕಿಯ ಬಾಗಿನ

ಕೋಪ ಮಾಡಿಕೊಳ್ಳಬೇಡಿ ಎಂದು ಹೇಳುವವರನ್ನು ಕಂಡರೆ ನನಗೆ ಬರುವಷ್ಟು ಕೋಪ ಇನ್ನು ಯಾರನ್ನು ಕಂಡರೂ ಬರುವುದಿಲ್ಲ. ಕಳ್ಳನನ್ನು ಕಂಡರೂ ಇಷ್ಟು ಬರುವುದಿಲ್ಲ. ಕಳ್ಳ ಕದ್ದುಕೊಂಡು ಸುಮ್ಮನೆ ಹೋಗುತ್ತಾನೆ, ಹೋಗುವಾಗ 'ಸಮಾಧಾನ ಮಾಡಿಕೊಳ್ಳಿ' ಎಂದು ತಲೆ ಸವರುವುದಿಲ್ಲ. ನಮ್ಮ ಮನೆಯಲ್ಲಿ ಈಗ ಹಾಗೆ ತಲೆ ಸವರುವವರು ಮೂವರಿದ್ದಾರೆ: ನಮ್ಮವರು, ಅಂದರೆ ನನ್ನ ಗಂಡ, ಮಗ ಮಹೇಶ, ಸೊಸೆ ಸಿಂಧು. ಮೂವರೂ ಒಳ್ಳೆಯವರು. ಅದೇ ತೊಂದರೆ. ಕೆಟ್ಟವರ ಮೇಲೆ ಕೋಪ ಮಾಡಿಕೊಂಡರೆ ಊರು ನಮ್ಮ ಕಡೆ ಇರುತ್ತದೆ. ಒಳ್ಳೆಯವರ ಮೇಲೆ ಮಾಡಿಕೊಂಡರೆ 'ಪಾಪ, ವಯಸ್ಸಾಯಿತಲ್ಲ' ಎನ್ನುತ್ತಾರೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೆಸರು ರತ್ನಮ್ಮ. ಹುಟ್ಟಿದ್ದು ವಯನಾಡಿನ ತೋಲ್ಪೆಟ್ಟಿಯಲ್ಲಿ, ಕಾಡಿನ ಅಂಚಿಗೆ. ನಾಲ್ಕಕ್ಷರ ಕಲಿತದ್ದು ಗಡಿಯಾಚೆ ಕುಟ್ಟದ ಕನ್ನಡ ಶಾಲೆಯಲ್ಲಿ. ಅಣ್ಣಯ್ಯ ಮುಂದೆ, ನಾನು ಹಿಂದೆ. ದಾರಿಯಲ್ಲಿ ಆನೆ ಲದ್ದಿ ಬಿಸಿಯಾಗಿದ್ದರೆ ಮನೆಗೆ ವಾಪಸ್ಸು, ತಣ್ಣಗಿದ್ದರೆ ಶಾಲೆಗೆ. ಹೀಗೆ ಸಂಪಾದಿಸಿದ ವಿದ್ಯೆ ನನ್ನದು. ಮದುವೆಯಾಗಿ ಮೀನಂಗಡಿ ಎಂಬ ಊರಿಗೆ ಬಂದೆ. ಇವರದು ಅಜ್ಜನ ಕಾಲಕ್ಕೆ ಮೈಸೂರು ಕಡೆಯಿಂದ ಬಂದು ಇಲ್ಲೇ ಬೇರು ಬಿಟ್ಟ ಮನೆತನ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಪೇಟೆಯಲ್ಲೊಂದು ಗೊಬ್ಬರದ ಅಂಗಡಿ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಕೂತೆ. ಅಂದಿನಿಂದ ಮೀನಂಗಡಿಯ ಅರ್ಧ ಹೆಂಗಸರ ರವಿಕೆ ನನ್ನ ಕೈಯಲ್ಲೇ ಆದದ್ದು. ಹೊಲಿಗೆಯವಳಿಗೆ ಸಂಪಾದನೆ ಕಡಿಮೆ, ಸುದ್ದಿ ಹೆಚ್ಚು. ಟೇಪನ್ನು ಸೊಂಟಕ್ಕೆ ಸುತ್ತಿದರೆ ಸಾಕು, ಹೆಂಗಸರ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಯಾರ ಮನೆಯಲ್ಲಿ ಏನು ನಡೆದರೂ ಸಂಜೆಯೊಳಗೆ ನನಗೆ ಗೊತ್ತಿರುತ್ತಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಕಳೆದ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಂದು ದಿನ ತಲೆ ಸುತ್ತಿ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಪ್ರೆಷರ್ ಜಾಸ್ತಿ ಇತ್ತು. ಡಾಕ್ಟರು ಚಿಕ್ಕ ಪ್ರಾಯದವರು, ತಾಳ್ಮೆಯಿಂದ ಮಾತಾಡಿದರು. ಎದೆ ಬೇರೆ, ತಲೆ ಬೇರೆ ಎಂದುಕೊಳ್ಳಬೇಡಿ, ಎದೆಗೆ ಒಳ್ಳೆಯದಾದದ್ದೇ ತಲೆಗೂ ಒಳ್ಳೆಯದು. ವರ್ಷಗಟ್ಟಲೆ ಪ್ರೆಷರ್ ಏರಿಯೇ ಇದ್ದರೆ ಮೆದುಳಿನ ಸಣ್ಣ ಸಣ್ಣ ರಕ್ತನಾಳಗಳು ಕೆಡುತ್ತವೆ, ನೆನಪು ಮಂಕಾಗುತ್ತದೆ, ಒಮ್ಮೊಮ್ಮೆ ಕೈಕಾಲೇ ಬಿದ್ದುಹೋಗುತ್ತದೆ ಎಂದರು. ಮಾತ್ರೆ ದಿನವೂ ತಗೊಳ್ಳಿ, ಉಪ್ಪು ಕಡಿಮೆ ಮಾಡಿ, ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ನಾಲ್ಕು ಜನರೊಡನೆ ಬೆರೆಯಿರಿ, ತಲೆಗೆ ಕೆಲಸ ಕೊಡುತ್ತಿರಿ ಎಂದರು. ನಾವು ಎದ್ದು ಬಾಗಿಲ ಬಳಿ ಬಂದಾಗ ಮಾತಿಗೆ ಮಾತು ಸೇರಿಸಿದಂತೆ, "ಟೆನ್ಷನ್ ಒಟ್ಟುಂ ಪಾಡಿಲ್ಲ" ಎಂದರು, ಟೆನ್ಷನ್ ಸ್ವಲ್ಪವೂ ಕೂಡದು ಅಂತ. ನನ್ನ ಮನೆಯವರ ತಲೆಯಲ್ಲಿ ಉಳಿದದ್ದು ಆ ಬಾಗಿಲ ಬಳಿಯ ಮಾತು ಒಂದೇ. ನೆನಪು ಹೋಗಬಹುದು ಎಂದು ಹೇಳಿಸಿಕೊಂಡವಳು ನಾನು, ನನಗೆ ಅಷ್ಟೂ ನೆನಪಿದೆ. ನೆನಪು ಗಟ್ಟಿ ಇರುವ ಮೂವರಿಗೆ ಕೊನೆಯ ಒಂದು ವಾಕ್ಯ.

ಮರುದಿನವೇ ಸಿಂಧು ಪ್ರೆಷರ್ ನೋಡುವ ಮಷಿನ್ ತರಿಸಿದಳು. ಸಿಂಧು ಪಯ್ಯಂಪಳ್ಳಿಯ ಮಲಯಾಳಿ ಮನೆಯ ಹುಡುಗಿ. ಕನ್ನಡ ನಮ್ಮ ಮನೆಗೆ ಬಂದ ಮೇಲೆ ಕಲಿತದ್ದು, ಅದರಲ್ಲೇ ನನ್ನೊಡನೆ ಜಗಳವಾಡುವಷ್ಟು ಚೆನ್ನಾಗಿ ಕಲಿತಿದ್ದಾಳೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನನ್ನ ತೋಳಿಗೆ ಪಟ್ಟಿ ಸುತ್ತುತ್ತಾಳೆ. ಅದು ಬುಸ್ ಬುಸ್ ಎಂದು ಹಿಂಡಿ ಒಂದು ಸಂಖ್ಯೆ ತೋರಿಸುತ್ತದೆ. ಆಮೇಲೆ ಆ ಸಂಖ್ಯೆ ನೋಡಿಕೊಂಡು ನನಗೆ ಸುದ್ದಿ ಕೊಡುತ್ತಾರೆ. ತಮಾಷೆಯಲ್ಲ. ಸಂಖ್ಯೆ ಚೆನ್ನಾಗಿದ್ದರೆ ಒಂದು ಸಣ್ಣ ಸುದ್ದಿ, ಸ್ವಲ್ಪ ಮೇಲಿದ್ದರೆ ಹವಾಮಾನ, ಇನ್ನೂ ಮೇಲಿದ್ದರೆ ದೇವರ ಹಾಡು. ಆನೆ ನುಗ್ಗಿ ನಮ್ಮ ಹಿತ್ತಿಲ ಬಾಳೆಯೆಲ್ಲ ಎಳೆದುಹಾಕಿದ್ದು ನನಗೆ ಗೊತ್ತಾದದ್ದು, ಬಾಳೆಲೆ ಕೊಯ್ಯಲು ನಾನೇ ಕತ್ತಿ ಹಿಡಿದು ಹಿತ್ತಿಲಿಗೆ ಹೋದಾಗ. ಬಾಳೆಯೇ ಇರಲಿಲ್ಲ. ಪಕ್ಕದ ಮನೆ ಹುಡುಗಿ ತನಗೆ ಬೇಕಾದವನನ್ನು ಕಟ್ಟಿಕೊಂಡು ಹೋದ ಸುದ್ದಿ ಮೀನಂಗಡಿಯ ಮೀನಿನವನಿಗೂ ಗೊತ್ತಿತ್ತು, ಬೇಲಿಯ ಈಚೆ ಕೂತ ನನಗಿಲ್ಲ. ಟೀವಿಯ ಧಾರಾವಾಹಿಯಲ್ಲಿ ಅತ್ತೆ ವಿಷದ ಲೋಟ ಎತ್ತಿದಳೋ, ನಮ್ಮವರು ತಟ್ಟನೆ ಕೃಷಿ ಕಾರ್ಯಕ್ರಮಕ್ಕೆ ತಿರುಗಿಸುತ್ತಾರೆ. ಆ ಸೊಸೆ ಕುಡಿದಳೋ ಬಿಟ್ಟಳೋ ಎಂದು ಯೋಚಿಸುತ್ತ ನಾನು ಶುಂಠಿಗೆ ಬರುವ ಕೊಳೆರೋಗದ ವಿಷಯ ಕೇಳಬೇಕು. ಇದರಿಂದ ಪ್ರೆಷರ್ ಇಳಿಯುತ್ತದಂತೆ.

ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿಯಲು ನನಗೆ ದೊಡ್ಡ ಪತ್ತೇದಾರಿಕೆ ಬೇಕಾಗಿಲ್ಲ. ನಮ್ಮ ಮನೆಯಲ್ಲಿ ಊಟ, ಜಗಳ, ಲೆಕ್ಕ ಎಲ್ಲ ಕನ್ನಡದಲ್ಲಿ. ಮಲಯಾಳಂ ಶಾಲೆಗೆ, ಆಫೀಸಿಗೆ, ಆಸ್ಪತ್ರೆಗೆ. ಆದ್ದರಿಂದ ಮಹೇಶ ಫೋನ್ ಹಿಡಿದು ಕಾಫಿ ಕಣಕ್ಕೆ ಇಳಿದು ಅಲ್ಲಿ ಶುದ್ಧ ಮಲಯಾಳಂನಲ್ಲಿ ಮಾತಾಡತೊಡಗಿದ ಎಂದರೆ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಈ ಸಲ ಹಾಗೆ ಅವನು ವಾರಗಟ್ಟಲೆ ಕಣಕ್ಕೆ ಇಳಿದ. ಕೇಳಿದರೆ, "ಗೊಬ್ಬರದ ಲೋಡಿನ ವಿಷಯ ಅಮ್ಮಾ" ಎಂದ. ಗೊಬ್ಬರದ ಲೋಡಿಗೆ 'ಸ್ಕ್ಯಾನ್ ಆಯಿತೋ' ಎಂದು ಯಾರು ಕೇಳುತ್ತಾರೆ?

ಇಷ್ಟಾದರೂ ತಡೆದುಕೊಳ್ಳುತ್ತಿದ್ದೆ. ನನ್ನ ಮೈ ಉರಿಸಿದ್ದು ಇದರ ಮುಂದಿನ ಹಂತ. ಹೇಳದೆ ಮುಚ್ಚಿಟ್ಟ ಸುದ್ದಿ ಎಂದಾದರೂ ಹೊರಗೆ ಬರಲೇಬೇಕಲ್ಲ. ಬಂದಾಗ ನಾನು "ನನಗ್ಯಾಕೆ ಹೇಳಲಿಲ್ಲ?" ಎಂದು ಕೇಳುತ್ತೇನೆ. ಆಗ ಸಿಂಧು ನಮ್ಮವರ ಮುಖ ನೋಡುತ್ತಾಳೆ, ನಮ್ಮವರು ಸೂರು ನೋಡುತ್ತಾರೆ. ಕೊನೆಗೆ ಸಿಂಧು ಮೆಲ್ಲಗೆ, "ಆವತ್ತೇ ಹೇಳಿದ್ದೆನಲ್ಲ ಅಮ್ಮಾ, ಅಮ್ಮನಿಗೆ ಓರ್ಮ ಇಲ್ಲ" ಎನ್ನುತ್ತಾಳೆ. ಓರ್ಮ ಎಂದರೆ ನೆನಪು. ಸುದ್ದಿಯನ್ನೂ ಕಿತ್ತುಕೊಂಡು, ಕಿತ್ತುಕೊಂಡದ್ದಕ್ಕೆ ನನ್ನ ತಲೆಯನ್ನೇ ಹೊಣೆ ಮಾಡಿದರೆ ಏನು ಮಾಡಲಿ? ಅದೂ ಒಬ್ಬರಲ್ಲ, ಮೂವರು. ಮೂರು ಜನ ಒಳ್ಳೆಯವರು ಸೇರಿ ಹೇಳಿದರೆ ಎಂಥವಳಿಗೂ ಸಂಶಯ ಬರುತ್ತದೆ.

ನನಗೂ ಬಂತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಪ್ರೆಷರಿಗೆ ನಾನು ಹೆದರಿದವಳಲ್ಲ, ಆದರೆ ತಲೆ ಹೋಗುತ್ತದೆ ಎಂದರೆ ಹೆದರುತ್ತೇನೆ. ನನ್ನ ಅಜ್ಜಿ ಕೊನೆಗಾಲದಲ್ಲಿ ತನ್ನ ಮಗಳನ್ನೇ 'ನೀನು ಯಾರ ಪೈಕಿ ತಾಯಿ' ಎಂದು ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಿಗ್ಗೆ ಮುಸುರೆ ತಿಕ್ಕುವಾಗ ನನಗೆ ನಾನೇ ಪರೀಕ್ಷೆ ಕೊಟ್ಟುಕೊಳ್ಳತೊಡಗಿದೆ. ಮಗ್ಗಿ ಹೇಳಿಕೊಂಡೆ, ಸರಿ ಬಂತು. ಮಾನಂತವಾಡಿಯಿಂದ ತೋಲ್ಪೆಟ್ಟಿಯವರೆಗಿನ ಬಸ್ ಸ್ಟಾಪುಗಳನ್ನು ಹೇಳಿಕೊಂಡೆ, ಒಂದೂ ಬಿಡಲಿಲ್ಲ. ಹಳೇ ಗಿರಾಕಿಗಳ ಎದೆ, ಸೊಂಟ, ತೋಳಿನ ಅಳತೆ ಹೇಳಿಕೊಂಡೆ, ಅದೂ ಬಂತು. ಆದರೆ ಆ ಅಳತೆ ಈಗ ಅವರಿಗೇ ಆಗುವುದಿಲ್ಲವಾದ್ದರಿಂದ ಅದನ್ನು ಸಾಕ್ಷಿಯಾಗಿ ಒಪ್ಪುವವರಿಲ್ಲ. ಇದರ ನಡುವೆ ಒಂದು ರವಿಕೆಗೆ ಎರಡೂ ಎಡಗೈ ತೋಳು ಹೊಲಿದುಬಿಟ್ಟೆ, ಹೊಲಿಸಿದವಳು ವಾಪಸ್ಸು ತಂದಳು. ಮೂವತ್ತನೇ ವಯಸ್ಸಿನಲ್ಲೂ ಒಮ್ಮೆ ಹೀಗೆ ಮಾಡಿದ್ದೆ. ಆಗ ಅದಕ್ಕೆ 'ಪಾಪ, ಕೆಲಸದ ಒತ್ತಡ' ಎಂದಿದ್ದರು. ಈಗ ಮೂವರೂ ಆ ರವಿಕೆಯ ಸುತ್ತ ನಿಂತು ತಿರುಗಿಸಿ ತಿರುಗಿಸಿ ನೋಡಿದರು. ಮರುದಿನ ಸಿಂಧು ನನಗೆ ಸುಡೊಕು ಪುಸ್ತಕ ತಂದುಕೊಟ್ಟಳು, ತಲೆಗೆ ಕೆಲಸ ಬೇಕಂತೆ. ಊರ ಸುದ್ದಿ ಕೊಟ್ಟಿದ್ದರೆ ಅದಕ್ಕಿಂತ ದೊಡ್ಡ ಕೆಲಸ ಯಾವುದಿತ್ತು?

ಹೀಗಿರುವಾಗ ಗೌರಿ ಹಬ್ಬ ಬಂತು. ಇಲ್ಲಿ ನಮ್ಮ ಸುತ್ತಮುತ್ತ ಈ ಹಬ್ಬ ಯಾರಿಗೂ ಇಲ್ಲ. ಅವರ ಓಣಂ ಗದ್ದಲದ ಹಿಂದುಮುಂದೆ ನಾವು ನಾಲ್ಕು ಕನ್ನಡದ ಮನೆಯವರು ನಮ್ಮಷ್ಟಕ್ಕೆ ಮಾಡಿಕೊಳ್ಳುತ್ತೇವೆ. ನನಗೆ ಈ ಹಬ್ಬವೆಂದರೆ ಅಣ್ಣಯ್ಯ. ನನ್ನ ಅಣ್ಣ ನಂಜಪ್ಪ, ನನಗಿಂತ ಐದು ವರ್ಷ ದೊಡ್ಡವನು, ಇನ್ನೂ ತೋಲ್ಪೆಟ್ಟಿಯಲ್ಲೇ ಗದ್ದೆ ಮಾಡಿಕೊಂಡಿದ್ದಾನೆ. ಮದುವೆಯಾದ ವರ್ಷದಿಂದ ಒಂದು ಹಬ್ಬವೂ ತಪ್ಪಿಸದೆ ಬಸ್ಸು ಹತ್ತಿ ಬಂದು ತವರಿನ ಬಾಗಿನ ಕೊಟ್ಟು ಹೋಗುತ್ತಾನೆ. ಬಿದಿರಿನ ಮೊರ, ಅದರೊಳಗೆ ಅರಿಶಿನ ಕುಂಕುಮ, ಬಳೆ, ಕನ್ನಡಿ, ತೆಂಗಿನಕಾಯಿ, ಬೇಳೆ, ಬೆಲ್ಲ, ನನ್ನ ತೋಳಿಗೆ ಎಂದೂ ಸಾಲದ ಒಂದು ರವಿಕೆ ಕಣ, ಜೊತೆಗೆ ತನ್ನ ಗದ್ದೆಯ ಗಂಧಕಶಾಲ ಅಕ್ಕಿ. ಮೇಲೆ ಮುಚ್ಚಿದ ಮೊರ ತೆಗೆದರೆ ಆ ಅಕ್ಕಿಯ ಪರಿಮಳ ಮನೆ ತುಂಬುತ್ತದೆ. ಆದರೆ ಬಾಚಣಿಗೆ ಇರುವುದಿಲ್ಲ. ಅತ್ತಿಗೆ ಪ್ರತಿ ವರ್ಷ ಹೇಳಿ ಕಳಿಸುತ್ತಾಳೆ, ಇವನು ಪ್ರತಿ ವರ್ಷ ಅಂಗಡಿಯಲ್ಲಿ ಮರೆಯುತ್ತಾನೆ. ನಾನು "ನಾನೇನು ತಲೆ ಬಾಚ್ಕೊಳ್ಳೋದು ಬ್ಯಾಡ್ವಾ ಅಣ್ಣಯ್ಯ?" ಎಂದು ಜಗಳ ತೆಗೆಯುತ್ತೇನೆ. ಅವನು "ಹೊರಗೆ ಬಾಚಿದ್ರೆ ಒಳಗಿನ ಸಿಕ್ಕು ಹೋಗ್ತದಾ ರತ್ನಿ?" ಎನ್ನುತ್ತಾನೆ. ಆಮೇಲೆ ಇಬ್ಬರೂ ಊಟಕ್ಕೆ ಕೂರುತ್ತೇವೆ.

ಈ ಸಲ ಅಣ್ಣಯ್ಯ ಬರಲಿಲ್ಲ. ಕೆಲವು ವಾರಗಳಿಂದ ಫೋನಿಗೂ ಸಿಕ್ಕಿರಲಿಲ್ಲ. ಕೇಳಿದರೆ 'ಅಲ್ಲಿ ರೇಂಜ್ ಇಲ್ಲ' ಎನ್ನುತ್ತಿದ್ದರು. ಕಾಡಿನ ಊರು, ನಂಬಿದ್ದೆ. ಹಬ್ಬದ ಹಿಂದಿನ ಸಂಜೆ ಮಹೇಶ ಒಂದು ಬಾಗಿನ ತಂದು ದೇವರ ಮುಂದೆ ಇಟ್ಟ. "ಮಾವ ಪೇಟೆವರ್ಗೂ ಬಂದು ಕೊಟ್ಟೋದ್ರು ಅಮ್ಮಾ. ಏನೋ ಅರ್ಜೆಂಟಂತೆ." ಮೀನಂಗಡಿಯವರೆಗೆ ಬಂದು ತಂಗಿಯ ಮುಖ ನೋಡದೆ ಹೋಗುವಂಥ ಅರ್ಜೆಂಟು ಏನಪ್ಪಾ ಎಂದುಕೊಂಡು ಮೇಲಿನ ಮೊರ ತೆಗೆದೆ. ಬಳೆ ಇತ್ತು, ಕನ್ನಡಿ ಇತ್ತು. ರವಿಕೆ ಕಣ ಒಂದು ಮೀಟರು ಪೂರ್ತಿ, ಒಳ್ಳೆಯ ಬಟ್ಟೆ. ಬಾಚಣಿಗೆ ಇತ್ತು. ಅಣ್ಣಯ್ಯನ ಬಾಗಿನದಲ್ಲಿ ಬಾಚಣಿಗೆ! ಬಟ್ಟೆ ಸರಿಸಿ ಅಕ್ಕಿ ನೋಡಿದೆ. ಕುಸುಬಲಕ್ಕಿ. ಬೇಯಿಸಿ ಒಣಗಿಸಿದ, ದಪ್ಪನೆಯ ಕೆಂಪು ಅಕ್ಕಿ.

ಇಲ್ಲಿಯವರು ದಿನವೂ ಉಣ್ಣುವುದು ಅದನ್ನೇ, ನಾನೂ ಉಣ್ಣುತ್ತೇನೆ, ಅದರ ಮೇಲೆ ನನಗೆ ಜಗಳವಿಲ್ಲ. ಆದರೆ ಬಾಗಿನಕ್ಕೆ, ಅಕ್ಷತೆಗೆ, ಮಡಿಲಿಗೆ ಒಮ್ಮೆ ಬೆಂದ ಅಕ್ಕಿಯನ್ನು ನಮ್ಮಲ್ಲಿ ಯಾರೂ ಇಡುವುದಿಲ್ಲ. ಸತ್ತರೂ ಅಣ್ಣಯ್ಯ ಇಡುವುದಿಲ್ಲ. ಇದು ಸಿಂಧು ಅಡುಗೆಮನೆಯ ಡಬ್ಬಿಯಿಂದ ಅಳೆದ ಅಕ್ಕಿ ಎಂದು ನೋಡಿದೊಡನೆ ಗೊತ್ತಾಯಿತು. ಅವಳಿಗೆ ಗೊತ್ತಿಲ್ಲದ್ದು ತಪ್ಪಲ್ಲ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಬಾಗಿನದ ಅಕ್ಕಿಯ ಪಾಯಸ ಕುಡಿದು ಮೀಸೆ ಒರೆಸಿಕೊಂಡ ನಮ್ಮವರಿಗೂ ಗೊತ್ತಿರಲಿಲ್ಲವಲ್ಲ, ಅದಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು.

"ಇದು ಯಾರು ಕಟ್ಟಿದ್ದು?" ಎಂದೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮವರು ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡರು. ಸಿಂಧು, "ಮಾವ ಎಲ್ಲಾ ವರ್ಷ ಇದೇ ಅಕ್ಕಿ ಅಲ್ವಾ ಅಮ್ಮಾ ಕೊಡೋದು? ಅಮ್ಮನಿಗೆ ಓರ್ಮ…" ಎಂದು ಶುರುಮಾಡಿದಳು.

"ಓರ್ಮ ಅಂತ ಇನ್ನೊಂದ್ಸಲ ಅಂದ್ರೆ ಈ ಮೊರ ನಿನ್ನ ತಲೆ ಮೇಲೆ ಮಗುಚ್ತೀನಿ" ಎಂದೆ. "ನನ್ನ ಅಣ್ಣನಿಗೆ ಏನಾಗಿದೆ?"

ಆಗ ಆ ಹುಡುಗಿ ಏನು ಮಾಡಿದಳು ಗೊತ್ತೆ? ಒಳಗೆ ಓಡಿ ಪ್ರೆಷರ್ ಮಷಿನ್ ತಂದಳು. ನಾನು ಬೇಡ ಬೇಡ ಎನ್ನುತ್ತಿದ್ದಂತೆಯೇ ತೋಳಿಗೆ ಸುತ್ತಿದಳು. ಬುಸ್ ಬುಸ್ ಎಂದಿತು. ಸಂಖ್ಯೆ ನೋಡಿ ಮೂವರ ಮುಖವೂ ಬಿಳಿಚಿತು. ಮಹೇಶ, "ನೋಡಿದ್ಯಾ ಅಮ್ಮಾ, ಈಗ ಹೆಂಗೆ ಹೇಳೋದು? ಇಳೀಲಿ, ಹೇಳ್ತೀವಿ" ಎಂದ.

"ನೀವು ಹೇಳೋವರ್ಗೂ ಇದು ಇಳಿಯಲ್ಲ. ಇದು ಇಳಿಯೋವರ್ಗೂ ನೀವು ಹೇಳಲ್ಲ. ಹಂಗಾದ್ರೆ ಇಲ್ಲೇ ಕೂತು ಸಾಯ್ತೀನಿ, ನನ್ನ ತಿಥಿಗೆ ಅಣ್ಣಯ್ಯ ಬಂದಾಗ ಅವನಿಗೇ ಹೇಳ್ಕೊಳ್ಳಿ, ನಾನ್ಯಾಕೆ ಸತ್ತೆ ಅಂತ" ಎಂದೆ. ಹೇಳಿದ ಮೇಲೆ ನನಗೇ ಅಳು ಬಂತು. ಅವನು ಇದ್ದಾನೋ ಇಲ್ಲವೋ ಎನ್ನುವುದೇ ನನಗೆ ಗೊತ್ತಿರಲಿಲ್ಲ.

ಕೊನೆಗೆ ನಮ್ಮವರು ಬಾಯಿ ಬಿಟ್ಟರು. ಅಣ್ಣಯ್ಯನಿಗೆ ಸ್ಟ್ರೋಕ್ ಆಗಿತ್ತು. ಪ್ರೆಷರಿನ ಮಾತ್ರೆಯನ್ನು 'ಈಗ ಚೆನ್ನಾಗಿದ್ದೀನಲ್ಲ' ಎಂದು ತಾನೇ ನಿಲ್ಲಿಸಿಬಿಟ್ಟಿದ್ದನಂತೆ. ಬಲಗೈ ಬಿದ್ದಿದೆ, ಮಾತು ನಿಧಾನ, ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. "ನಿಂಗೂ ಪ್ರೆಷರ್ರು. ಇದನ್ನ ಕೇಳಿ ನಿಂಗೂ ಹಂಗೇ ಆದ್ರೆ ನಾನೇನ್ ಮಾಡ್ಲಿ, ರತ್ನ?" ಎಂದರು. ಒಳ್ಳೆಯವರ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟ ಎಂದೆನಲ್ಲ, ಇದೇ. ಆದರೂ ನಾನು ಬಿಡಲಿಲ್ಲ, ಅವತ್ತು ಯಾರೊಡನೆಯೂ ಮಾತಾಡಲಿಲ್ಲ.

ಬೆಳಗಾಗುತ್ತಲೇ ಗೌರಿಗೆ ಒಂದು ಹೂವು ಏರಿಸಿ ಬಸ್ಸು ಹತ್ತಿದೆ. ನಾನೊಬ್ಬಳೇ ಹೋಗುತ್ತೇನೆ ಎಂದು ಹೇಳಿದ್ದೆ. ಮಾನಂತವಾಡಿಯಲ್ಲಿ ಇಳಿದು ನೋಡಿದರೆ ಹಿಂದಿನ ಬಾಗಿಲಿನಿಂದ ನಮ್ಮವರು ಇಳಿಯುತ್ತಿದ್ದಾರೆ, ಹೆಗಲಿಗೊಂದು ಚೀಲ. ಚೀಲದಲ್ಲಿ ಸಿಂಧು ಕಟ್ಟಿಕೊಟ್ಟ ಉಪ್ಪಿಲ್ಲದ ಚಿತ್ರಾನ್ನ ಮತ್ತು ಪ್ರೆಷರ್ ಮಷಿನ್. ನಾನು ನೋಡದವಳಂತೆ ತೋಲ್ಪೆಟ್ಟಿ ಬಸ್ಸು ಹತ್ತಿದೆ. ಅವರೂ ಬಂದು ಎರಡು ಸೀಟು ಹಿಂದೆ ಕೂತರು. ಕಾಟಿಕ್ಕುಳಂ ದಾಟಿ ಕಾಡು ಶುರುವಾದ ಮೇಲೆ ನಾನೇ ಪಕ್ಕದ ಸೀಟು ತೋರಿಸಿದೆ. ಚಿತ್ರಾನ್ನ ತಿಂದೆವು. ಕೆಟ್ಟದಾಗಿತ್ತು.

ಅತ್ತಿಗೆ ಜಯಮ್ಮ ನಮ್ಮನ್ನು ಕಂಡು ಗೇಟಿಗೇ ಓಡಿ ಬಂದಳು. ಅವಳ ಭುಜದಾಚೆ ಅಣ್ಣಯ್ಯನ ಗದ್ದೆ ಕಾಣುತ್ತಿತ್ತು. ನಾಟಿ ಮಾಡಿದ ಪೈರು ಉಳಿದಿರಲಿಲ್ಲ, ಬರೀ ಕೆಸರು, ಕೆಸರಿನಲ್ಲಿ ಆನೆ ಹೆಜ್ಜೆಯ ಗುಂಡಿಗಳು, ಗುಂಡಿಗಳಲ್ಲಿ ನೀರು. ಅತ್ತಿಗೆ ನನ್ನ ಕೈ ಹಿಡಿದು ದನಿ ತಗ್ಗಿಸಿ, "ಮೊನ್ನೆ ರಾತ್ರಿ ಹಿಂಡೇ ಬಂದಿತ್ತು ಕಣವ್ವ. ಅವ್ರಿಗೆ ಹೇಳಿಲ್ಲ. ಈ ಕಡೆ ಕಿಟಕಿ ಮುಚ್ಚೇ ಇಟ್ಟಿದೀನಿ. ಟೆನ್ಷನ್ ಆಗ್ಬಾರ್ದು ಅಂದವ್ರೆ ಡಾಕ್ಟ್ರು. ನೀನೂ ಹೇಳ್ಬ್ಯಾಡ" ಎಂದಳು.

ಅವಳಿಗೊಂದು ಭಾಷಣ ಕೊಡಲು ನನ್ನ ಬಾಯಲ್ಲಿ ಎಲ್ಲ ಸಿದ್ಧವಾಗಿತ್ತು. ಹಿಂದಿನ ರಾತ್ರಿಯಿಂದ ಅದನ್ನೇ ಅಲ್ಲವೇ ನಾನು ಹೊಂದಿಸಿಕೊಂಡು ಬಂದದ್ದು. ಆದರೆ ಒಳಗೆ ಹೋಗಿ ನೋಡಿದೆ. ಆನೆಗೆ ಹೆದರದೆ ನನ್ನ ಮುಂದೆ ನಡೆಯುತ್ತಿದ್ದವನು ಕುರ್ಚಿಯಲ್ಲಿ ಒಂದು ಕಡೆಗೆ ವಾಲಿ ಕೂತಿದ್ದ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ನನ್ನನ್ನು ಕಂಡು ತುಟಿ ಅಲ್ಲಾಡಿಸಿ ತುಂಬ ಹೊತ್ತು ಹುಡುಕಿದ. ಹೆಸರು ಸಿಕ್ಕದೇನೋ ಎಂದು ನನ್ನ ಜೀವ ಬಾಯಿಗೆ ಬಂತು. ಆಮೇಲೆ "ರತ್ನಿ" ಎಂದ. ಉಸಿರು ಎಳೆದುಕೊಂಡು, "ಗದ್ದೆ… ನೋಡ್ಕಂಡು ಬಂದ್ಯಾ?" ಎಂದು ಕೇಳಿದ.

"ಬಂದೆ ಅಣ್ಣಯ್ಯ" ಎಂದೆ. "ಚೆನ್ನಾಗದೆ. ಹಸಿರು ಹಸಿರಾಗದೆ."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅಣ್ಣಯ್ಯ ನನ್ನ ಮುಖವನ್ನೇ ನೋಡಿದ. ನೋಡುತ್ತ ನೋಡುತ್ತ ಅವನ ಹುಬ್ಬು ಗಂಟಿಕ್ಕಿತು.

"ನೀನೂ ಇವ್ರ ಜೊತೆ ಸೇರ್ಕಂಡ್ಯಾ?" ಎಂದ. ಒಂದೊಂದೇ ಮಾತು ಎತ್ತಿ ಇಟ್ಟ ಹಾಗೆ ಹೇಳಿದ. "ಆನೆ ಘೀಳಿಟ್ಟಿದ್ದು ನಂಗೆ ಕೇಳಿಲ್ವಾ? ಬಿದ್ದಿರೋದು ಕೈ ಕಣೇ. ಕಿವಿ ಅಲ್ಲ."

ನನಗೆ ನಗು ಬಂತೋ ಅಳು ಬಂತೋ ಗೊತ್ತಿಲ್ಲ, ಎರಡೂ ಒಟ್ಟಿಗೇ ಬಂದಿರಬೇಕು. ಅವನ ಕಾಲ ಬುಡದಲ್ಲಿ ಕೂತು ಎಲ್ಲ ಹೇಳಿದೆ, ಗದ್ದೆಯ ಸ್ಥಿತಿ, ನಮ್ಮ ಹಿತ್ತಿಲ ಬಾಳೆಯ ಗತಿ, ಪಕ್ಕದ ಮನೆ ಹುಡುಗಿ, ಎರಡು ಎಡಗೈ ತೋಳಿನ ರವಿಕೆ, ಕುಸುಬಲಕ್ಕಿ. ರವಿಕೆಯ ಕಥೆಗೆ ಅವನ ಬಾಯಿಯ ಒಂದು ಕಡೆ ನಕ್ಕಿತು. ಅಕ್ಕಿಯ ಕಥೆಗೆ ನಗಲಿಲ್ಲ. ಅತ್ತಿಗೆಯ ಕಡೆ ನೋಡಿ, "ಮೊರ ತಾ" ಎಂದ. ಅವಳು ಮೊರವನ್ನೂ ಕಳೆದ ಬೆಳೆಯ ಗಂಧಕಶಾಲದ ಡಬ್ಬಿಯನ್ನೂ ತಂದಿಟ್ಟಳು. ಎಡಗೈಯಿಂದ ಅವನೇ ಅಕ್ಕಿ ತೆಗೆದು ಸುರಿದ. ಅರ್ಧ ಮೊರಕ್ಕೆ, ಅರ್ಧ ನೆಲಕ್ಕೆ ಬಿತ್ತು. ಸಹಾಯಕ್ಕೆ ಕೈ ಚಾಚಿದ ನಮ್ಮವರು ಬೈಸಿಕೊಂಡರು. ಆಮೇಲೆ ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬೆಲ್ಲ, ಹೋದ ತಿಂಗಳೇ ತಂದಿಟ್ಟುಕೊಂಡಿದ್ದ ರವಿಕೆ ಕಣ. ಎಲ್ಲ ಇಟ್ಟು ನನ್ನ ಕಡೆ ತಳ್ಳಿದ. ನಾನು ಸೆರಗು ಹೊದ್ದು ಕಣ್ಣಿಗೊತ್ತಿಕೊಂಡು ಒಳಗೆ ಕೈಯಾಡಿಸಿ ನೋಡಿದೆ. ಬಾಚಣಿಗೆ ಇರಲಿಲ್ಲ. ಇದು ಅಣ್ಣಯ್ಯನ ಬಾಗಿನ, ಸಂಶಯವಿಲ್ಲ.

ಮನೆಗೆ ಬಂದವಳೇ ಮೂವರನ್ನೂ ಕೂರಿಸಿಕೊಂಡು ಹೇಳಿಬಿಟ್ಟೆ. ಮಾತ್ರೆ ತಗೋತೀನಿ, ಒಂದು ದಿನವೂ ತಪ್ಪಿಸಲ್ಲ, ಅಣ್ಣಯ್ಯನ ಕೈ ನೋಡಿ ಬಂದಿದ್ದೀನಿ. ಉಪ್ಪು ಬಿಡ್ತೀನಿ, ನಡೀತೀನಿ. ಆದರೆ ಇನ್ನು ಮೇಲೆ ಈ ಮನೆಯಲ್ಲಿ ಒಂದೇ ಒಂದು ಸುದ್ದಿ ಮುಚ್ಚಿಟ್ಟರೆ ನಾನು ಮನುಷ್ಯಳಲ್ಲ. ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ಈಗಲೇ, ಇಲ್ಲೇ ಹೇಳಬೇಕು. ಗದ್ದೆಯ ವಿಷಯದಲ್ಲಿ ನಾನು ಹೇಳಿದ ಸುಳ್ಳನ್ನು ಮಾತ್ರ ಮಹೇಶನಿಗೂ ಸಿಂಧುವಿಗೂ ಹೇಳಲಿಲ್ಲ. ನೀವೂ ಹೇಳಕೂಡದೆಂದು ನಮ್ಮವರಿಗೆ ಬಸ್ಸಿನಲ್ಲೇ ತಾಕೀತು ಮಾಡಿದ್ದೆ.

ಸಿಂಧು ಕಣ್ಣೊರೆಸಿಕೊಂಡು, "ಸತ್ಯವಾಗಿ ಎಲ್ಲಾ ಹೇಳಲಾ ಅಮ್ಮಾ? ದೇಷ್ಯ ಪಡಬಾರದು" ಎಂದಳು. ದೇಷ್ಯ ಎಂದರೆ ಕೋಪ.

"ನಾನ್ಯಾಕೆ ಕೋಪ ಮಾಡ್ಕೊಳ್ಳಲಿ? ಹೇಳು" ಎಂದೆ.

"ಆ ಎರಡು ಎಡಗೈ ರವಿಕೆ ಇತ್ತಲ್ಲ, ಅದನ್ನು ಹೊಲಿಸಿದ ಚೇಚಿ, ಆ ಅಕ್ಕ, ಎಲ್ಲರಿಗೂ ತೋರಿಸಿದ್ದಾರೆ ಅಮ್ಮಾ. ಈ ಓಣಂಗೆ ನಮ್ಮ ಲೈನಿನ ಹೆಂಗಸರೆಲ್ಲ ಜಂಕ್ಷನ್‌ನಲ್ಲಿ ಹೊಸದಾಗಿ ಬಂದ ಟೈಲರ್ ಹತ್ತಿರ ಹೊಲಿಸಿದ್ದು. ಅವನು ಕುತ್ತಿಗೆ ಚೆನ್ನಾಗಿ ಕೂರಿಸುತ್ತಾನಂತೆ, ಅಮ್ಮನಿಗಿಂತ. ಇನ್ನೂ ಇದೆ, ಹೇಳಲಾ?"

ತೋಳಿನ ಸೆರಗು ಸರಿಸಿ ಕೈಯನ್ನು ಅವಳ ಮುಂದೆ ಚಾಚಿದೆ.

"ಮೊದಲು ಆ ಮಷಿನ್ ಕಟ್ಟು" ಎಂದೆ. "ಉಳಿದದ್ದು ನಾಳೆ ಹೇಳುವೆಯಂತೆ."